ಐದು ನಿಮಿಷದ ಇಂಗ್ಲಿಷು

ಇಂಗ್ಲಿಷ್ ಪರೀಕ್ಷೆ ಬರೆಸುವುದು ಕಡಿಮೆಯಾಗಿ ಮಾತಾಡಿಸುವುದು ಶುರುವಾದ ಮೇಲೆ ನನ್ನ ತರಗತಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಹೊಸಪೇಟೆಯ ಮುದಿ ಮೇಷ್ಟ್ರು. ನಿವೃತ್ತನಾದರೂ ಕಾಲೇಜಿನವರು ಕರೆದು ಕೂರಿಸಿದ್ದಾರೆ. ನಿಯಮ ಸರಳ. ಪ್ರತಿಯೊಬ್ಬರೂ ಎದುರು ನಿಂತು ಐದು ನಿಮಿಷ ಇಂಗ್ಲಿಷಿನಲ್ಲಿ ಒಂದು ವಿಷಯ ಹೇಳಬೇಕು. ಅದಕ್ಕೆ ಪ್ರೆಸೆಂಟೇಶನ್ ಎಂದು ಹೆಸರು. ಅಂಕ ಹಾಕಲು ಮೈಸೂರು ಕಡೆಯಿಂದ ಒಬ್ಬ ಪರೀಕ್ಷಕರು ಬಂದಿದ್ದರು.

ಅಂದು ಕೊನೆಯ ಬೆಂಚಿನಲ್ಲಿ ಕಮಲಾಪುರದ ಹುಡುಗ ಕೂತಿದ್ದ. ಉಳಿದದ್ದರಲ್ಲೆಲ್ಲ ಪಾಸು, ಇದೊಂದರಲ್ಲಿ ಫೇಲು. ಹಿಂದಿನ ಸಲ ಎದುರು ನಿಂತವನು ಬಾಯಿ ಬಿಡದೆ ಬೆವತು ವಾಪಸು ಹೋಗಿದ್ದ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಕಾದಿತ್ತು. ಈ ಸಲ ಪಾಸಾದರೆ ಮಾತ್ರ.

೧. ಸ್ವಾಗತ

ಮೊದಲು ಬಂದ ವಿದ್ಯಾರ್ಥಿ ಊರಿನ ಸಭೆ ಸಮಾರಂಭಗಳ ನಿರೂಪಕ. ವಿಷಯ, ಸಮಯದ ಮಹತ್ವ. ಪರೀಕ್ಷಕರಿಗೆ ಸ್ವಾಗತ ಕೋರಿದ. ನನಗೆ ಕೋರಿದ. ಬಾಗಿಲಲ್ಲಿದ್ದ ಜವಾನನಿಗೆ ಕೋರಿದ. ಮುಂದಿನ ಸಾಲಿನವರನ್ನು ಒಬ್ಬೊಬ್ಬರಾಗಿ ಸ್ವಾಗತಿಸಿದ. ಚೀಲದಿಂದ ಶಾಲು ತೆಗೆದು ಪರೀಕ್ಷಕರಿಗೆ ಹೊದಿಸಿದ. ಫೋಟೋ ಆಯಿತು. ಚಪ್ಪಾಳೆ ಆಯಿತು. ಈಗ ವಿಷಯಕ್ಕೆ ಬರುತ್ತೇನೆ ಎಂದ. ಗಂಟೆ ಹೊಡೆಯಿತು.

"ಟೈಮ್ ಆತು, ಇಳಿ," ಎಂದೆ.

"ವಂದನಾರ್ಪಣೆಗೆ ಎಲ್ಡ ನಿಮಿಷ ಕೊಡ್ರಿ ಸರ್."

೨. ಅಂಗಡಿಯ ಸ್ಲೈಡು

ಕಂಪ್ಲಿಯ ಹುಡುಗಿ ಪರದೆಯ ಮೇಲೆ ಸ್ಲೈಡು ತೋರಿಸಿದಳು. ವಿಷಯ, ನದಿಯ ಮಾಲಿನ್ಯ. ಮಾಡಿಕೊಟ್ಟವನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನು. ಅವನ ಮುಖ್ಯ ಕಸುಬು ಲಗ್ನಪತ್ರಿಕೆ. ಮೊದಲ ಸ್ಲೈಡಿನಲ್ಲಿ ಗಣಪತಿ. ಕೊಳಕು ನೀರಿನ ಚಿತ್ರದ ಸುತ್ತ ಗುಲಾಬಿ ಹೂವಿನ ಅಂಚು. ಕೊನೆಯ ಸ್ಲೈಡಿನಲ್ಲಿ, "ನಿಮ್ಮ ಆಶೀರ್ವಾದವೇ ಉಡುಗೊರೆ."

"ಇದೇನವ್ವಾ?" ಎಂದೆ.

"ಅದನ್ನ ತೆಗೀರಿ ಅಂತ ಹೇಳಿದ್ದೆ ಸರ್. ತೆಗದ್ರ ಚಂದ ಕಾಣಂಗಿಲ್ಲ ಅಂದ್ರು."

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಆಶೀರ್ವಾದ ಸಾಕಾದ್ರೆ ಅಂಕ ಬೇಡ ಅನ್ನಿ," ಎಂದರು.

೩. ಕಮಲಾಪುರದವನು

ಬಂದ. ನಿಂತ. ಬೆವತ. ಶಾಲು ಹೊದ್ದ ಪರೀಕ್ಷಕರೂ ಬೆವತರು.

"ಮಾತಾಡಪಾ," ಎಂದೆ.

"ನಿಂತ್ರ ಬರಂಗಿಲ್ರಿ ಸರ್."

"ಕುಂತು ಹೇಳು."

"ಕುಂತ್ರೂ ಬರಂಗಿಲ್ರಿ. ನಡಕೋಂತ ಹೋದ್ರ ಬರ್ತೈತ್ರಿ. ಹಂಪಿಯಾಗ ಫಾರಿನ್ನರಿಗೆ ತೋರಿಸಿ ತೋರಿಸಿ ಹಂಗ ರೂಢಿ ಆಗೇತ್ರಿ."

"ಇದು ಅವನ ಕೊನೇ ಅವಕಾಶ," ಎಂದು ಪರೀಕ್ಷಕರಿಗೆ ಹೇಳಿದೆ. ಅವರು ತಲೆ ಆಡಿಸಿದರು.

"ನಡಿ ಮತ್ತ," ಎಂದೆ.

ಬಲಗೈ ಮೇಲೆತ್ತಿದ. "ಕಮ್, ಕಮ್, ದಿಸ್ ಸೈಡ್ ಪ್ಲೀಸ್," ಎಂದು ಬಾಗಿಲು ದಾಟಿದ. ಪರೀಕ್ಷಕರು ಎದ್ದರು. ನಾನೂ ಎದ್ದೆ. ತರಗತಿ ಹಿಂದೆ ಬಂತು.

ಇಂಗ್ಲಿಷ್ ಹರಿಯತೊಡಗಿತು. ನೀರಿನ ಟ್ಯಾಂಕಿನ ಮುಂದೆ ನಿಲ್ಲಿಸಿ, ಅದನ್ನು ಯಾರು ಕಟ್ಟಿಸಿದರು, ಅದರಲ್ಲಿ ಯಾಕೆ ನೀರಿಲ್ಲ ಎಂದು ವಿವರಿಸಿದ. ಮೆಟ್ಟಿಲ ಕೆಳಗೆ ತಲೆ ಜೋಪಾನ ಎಂದ. ಎಲ್ಲರೂ ಬಗ್ಗಿದೆವು. ಪ್ರಾಂಶುಪಾಲರ ಕೋಣೆ ಬಂತು. ಇಲ್ಲಿ ರಾಜರು ಪ್ರಜೆಗಳ ದೂರು ಕೇಳುತ್ತಿದ್ದರು, ಫೋಟೋ ತೆಗೆಯುವಂತಿಲ್ಲ ಎಂದ. ಒಳಗಿದ್ದ ಪ್ರಾಂಶುಪಾಲರು ಗಾಬರಿಯಿಂದ ಎದ್ದು ನಿಂತರು.

ಐದು ನಿಮಿಷ ಯಾವಾಗಲೋ ಮುಗಿದಿತ್ತು. ಯಾರೂ ಗಡಿಯಾರ ನೋಡಲಿಲ್ಲ. ಗೇಟು ದಾಟಿಸಿದ, ರಸ್ತೆ ದಾಟಿಸಿದ, ಕಲ್ಲಿನ ಬೊಂಬೆಗಳ ಒಂದು ಅಂಗಡಿಯ ಮುಂದೆ ನಿಂತ.

"ಮೈ ಅಂಕಲ್ ಶಾಪ್. ನೋ ಬೈಯಿಂಗ್. ಓನ್ಲಿ ಲುಕಿಂಗ್."

ವಾಪಸು ಬಂದು ಪರೀಕ್ಷಕರು ಅಂಕ ಹಾಕಲು ಕೂತರು. ಹೆಗಲ ಮೇಲೆ ಶಾಲು, ಕಂಕುಳಲ್ಲಿ ಕಲ್ಲಿನ ಆನೆ.

"ಪಾಸೇನ್ರಿ?" ಎಂದೆ.

"ಪಾಸಲ್ಲದೆ ಇನ್ನೇನ್ರೀ? ನಾನು ಬರೀ ನೋಡೋಕೆ ಅಂತ ಹೋದೋನು."

ನಾನು ನಗಲಿಲ್ಲ. ನನ್ನ ಹತ್ತಿರ ಎರಡು ಆನೆ ಇದ್ದವು.