ಇಪ್ಪತ್ಮೂರನೇ ನಂಬರು ಸರಿಯಿದೆ

ರಿಜಿಸ್ಟರಿನಲ್ಲಿ ಬರೆಯಲು ಅತ್ಯಂತ ಸುಲಭವಾದ ಶಬ್ದ ‘ಸರಿಯಿದೆ’. ‘ಕೆಟ್ಟಿದೆ’ ಎಂದು ಬರೆದು ನೋಡಿ, ಏನು ಕೆಟ್ಟಿದೆ, ಯಾವಾಗಿನಿಂದ, ಯಾರಿಗೆ ತಿಳಿಸಿದಿರಿ ಎಂದು ಇನ್ನೂ ಮೂರು ಕಾಲಂ ತುಂಬಬೇಕಾಗುತ್ತದೆ. ‘ಸರಿಯಿದೆ’ ಎಂದರೆ ಅಲ್ಲಿಗೆ ಮುಗಿಯಿತು. ನಮ್ಮಪ್ಪ ಶಾಲಾ ಮಾಸ್ತರರಾಗಿದ್ದರು. ಮಗುವಿನ ಮುಖ ನೋಡದೆ ಹಾಜರಿ ಹಾಕಿದವರಲ್ಲ. ಅಂಥವರ ಮಗನಾದ ನಾನು ಆರು ವರ್ಷ, ದಿನಕ್ಕೆ ಮೂವತ್ತು ಸಲ, ಏನನ್ನೂ ನೋಡದೆ ‘ಸರಿಯಿದೆ’ ಎಂದು ದುಂಡಗೆ ಬರೆದೆ. ಅಕ್ಷರ ಮಾತ್ರ ಅಪ್ಪನದೇ.

ಇದು ಎಪ್ಪತ್ತರ ದಶಕದ ಮಾತು. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಕಡೆ ಒಂದೂರು. ಹೆಸರು ಹೇಳುವುದಿಲ್ಲ, ಅಲ್ಲಿ ನನ್ನನ್ನು ಬಲ್ಲವರು ಇನ್ನೂ ಇದ್ದಾರೆ. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಆಪರೇಟರು. ಎಕ್ಸ್‌ಚೇಂಜೆಂದರೆ ಒಂದು ಕೋಣೆ, ಗೋಡೆಗೆ ಆನಿಸಿದ ಮರದ ಬೋರ್ಡು, ಅದರಲ್ಲಿ ಮೂವತ್ತು ತೂತು, ಮೂವತ್ತು ಪುಟ್ಟ ಮುಚ್ಚಳ. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುವಿದರೆ ಅವರ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾನು ವೈರು ಚುಚ್ಚಿ ಬೇಕಾದವರಿಗೆ ಜೋಡಿಸುತ್ತಿದ್ದೆ. ಯಾವ ನಂಬರು ಯಾರದು, ಫೋನು ಎಲ್ಲಿದೆ ಎಂಬ ಪಟ್ಟಿ ಗೋಡೆಯ ಮೇಲಿತ್ತು. ಪ್ರತಿದಿನ ಬೆಳಿಗ್ಗೆ ಮೂವತ್ತೂ ಲೈನಿಗೆ ಗಂಟೆ ಹೊಡೆದು, ಆ ಕಡೆಯಿಂದ ಉತ್ತರ ಬಂದರೆ ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆಯಬೇಕೆಂಬುದು ನಿಯಮ.

ಮೊದಲ ವಾರ ನಾನೂ ಹಾಗೆಯೇ ಮಾಡಿದೆ, ನಂಬಿ. “ಹಲೋ, ಎಲ್ಲಾ ಸರಿ ಐತೇನ್ರಿ?” ಎಂದು ಕೇಳಿದ್ದು ನನ್ನ ತಪ್ಪಾಯಿತೋ ಏನೋ. “ಎಲ್ಲಿ ಸರಿರೀ, ಮೊಣಕಾಲು ಹಿಡದು ಎಂಟು ದಿನಾತು” ಎಂದು ಒಬ್ಬರು. “ನಮ್ಮ ಎಮ್ಮಿ ಮೇವು ಬಿಟ್ಟೈತ್ರಿ, ನಿಮಗ ಯಾರ ಹೇಳಿದ್ರು?” ಎಂದು ಇನ್ನೊಬ್ಬರು. ನಾನು ಕೇಳಿದ್ದು ಫೋನಿನ ಆರೋಗ್ಯ ಎಂದು ಹೇಳುವುದು ಹೇಗೆ? ಎಮ್ಮೆಗೆ ಮದ್ದು ಹೇಳಿ, ಮೊಣಕಾಲಿಗೆ ಎಣ್ಣೆ ಹೇಳಿ ಮೂವತ್ತನೇ ಲೈನು ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಎಂಟನೆಯ ದಿನದಿಂದ ರಿಜಿಸ್ಟರನ್ನು ಸಂಜೆ ಮನೆಗೆ ಒಯ್ದು, ಚಹಾ ಕುಡಿಯುತ್ತ, ಮರುದಿನದ್ದನ್ನು ಹಿಂದಿನ ದಿನವೇ ಬರೆದು ಮುಗಿಸತೊಡಗಿದೆ.

ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ, ಮುನ್ಸೂಚನೆಯಿಲ್ಲದೆ, ಇನ್‌ಸ್ಪೆಕ್ಟರು ಬಂದಿಳಿದರು. ಮೈಸೂರು ಕಡೆಯ ತಣ್ಣನೆಯ ಮನುಷ್ಯ. ರಿಜಿಸ್ಟರು ತೆರೆದು, “ಪರವಾಗಿಲ್ಲವೇ, ಇವತ್ತಿನದೂ ಆಗಲೇ ಆಗಿದೆ! ನನ್ನೆದುರು ಇನ್ನೊಂದು ಸಲ ಮಾಡಿ” ಎಂದರು. ಕುರ್ಚಿ ಎಳೆದುಕೊಳ್ಳುತ್ತ, “ಸುಳ್ಳು ಬರೆದವರನ್ನು ನಾನು ಬೈಯುವುದಿಲ್ಲ ಕಣ್ರೀ. ಬೀದರಿಗೆ ಕಳಿಸುತ್ತೇನೆ” ಎಂದೂ ಸೇರಿಸಿದರು. ನನ್ನ ಇಬ್ಬರು ಹೆಣ್ಣುಮಕ್ಕಳು ಊರ ಶಾಲೆಯಲ್ಲಿದ್ದರು. ಬೀದರ ಎಲ್ಲಿ, ನಾವೆಲ್ಲಿ!

ಪಟ್ಟಿಯ ಪ್ರಕಾರ ನಾಲ್ಕನೇ ನಂಬರು ಪಂಚಾಯತಿ ಕಚೇರಿ. ಗಂಟೆ ಹೊಡೆದರೆ ಹಿಂದಿನಿಂದ ದನದ ಅಂಬಾ ಎಂಬ ಕೂಗು ಕೇಳಿತು. “ಕಚೇರಿ ಸೋರತೈತ್ರಿ, ಅದಕ್ಕ ಫೋನು ಚೇರ್ಮನ್ನರ ದನದ ಕೊಟಗ್ಯಾಗ ಇಟ್ಟೇವಿ” ಎಂದ ಪಂಚಾಯತಿಯ ಜವಾನ. ಏಳನೇ ನಂಬರಿನ ವೀಳ್ಯದೆಲೆ ವ್ಯಾಪಾರಿ, ಬಂದುಹೋದವರೆಲ್ಲ ಫೋನು ಮುಟ್ಟುತ್ತಾರೆಂದು ಅದನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿದ್ದನಂತೆ. ಅವನ ಅಂಗಡಿ ಎದುರಿಗೇ ಇತ್ತು. ಪೆಟ್ಟಿಗೆಯೊಳಗೆ ಗಂಟೆ ಬಡಿದುಕೊಳ್ಳುವುದು ನಮ್ಮ ಕಿಟಕಿಗೇ ಕೇಳುತ್ತಿತ್ತು. ಹನ್ನೆರಡು ಸತ್ತೇ ಹೋಗಿತ್ತು. ಅದು ಊರಿನ ಜಮೀನು ಲೆಕ್ಕ ನೋಡುತ್ತಿದ್ದ ನಿವೃತ್ತ ತಲಾಟಿಯವರದು. ಮೂರು ತಿಂಗಳಿಂದ ಅವರು ದಿನಾ ಎಕ್ಸ್‌ಚೇಂಜಿಗೇ ಬಂದು, ಇಲ್ಲಿಂದಲೇ ಮಾತಾಡಿ ಹೋಗುತ್ತಿದ್ದರು. ನನ್ನ ಮೇಲಿನ ಪ್ರೀತಿಯಿಂದ ಬರುತ್ತಾರೆ ಎಂದುಕೊಂಡು ನಾನು ಚಹಾ ತರಿಸಿಕೊಡುತ್ತಿದ್ದೆ.

ಇನ್‌ಸ್ಪೆಕ್ಟರು ಪ್ರತಿಯೊಂದನ್ನೂ ಬರೆದುಕೊಂಡರು. ನನಗಿದ್ದ ಒಂದೇ ಭರವಸೆ ಇಪ್ಪತ್ಮೂರು. ಅದು ನಮ್ಮ ಪಕ್ಕದ ಮನೆಯ ಗಂಗವ್ವನದು. ಒಂದೇ ಗೋಡೆಯ ಮನೆಗಳು, ಮಧ್ಯೆ ಒಂದು ಕಿಟಕಿ. ಒಳ್ಳೆಯ ಹೆಂಗಸು, ಕೇಳಿದರೆ ನನ್ನ ಪರವಾಗಿ ಎರಡು ಮಾತಾಡಿಯಾಳು. “ಇದನ್ನು ನೀವೇ ಮಾತಾಡಿಸಿ ಸಾರ್” ಎಂದು ಧೈರ್ಯವಾಗಿ ಅವರ ಕೈಗೆ ಕೊಟ್ಟು, ಇನ್ನೊಂದು ರಿಸೀವರನ್ನು ನನ್ನ ಕಿವಿಗೆ ಹಿಡಿದೆ.

“ಹಲೋ, ಯಾರ್ರೀ?” ಎಂದಿತು ಆ ಕಡೆಯ ದನಿ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅದು ನನ್ನ ಹೆಂಡತಿ ಸುಶೀಲಾ!

ಇನ್‌ಸ್ಪೆಕ್ಟರು ಸುಮ್ಮನಿರೆಂದು ಕೈಯೆತ್ತಿದರು. “ಗಂಗವ್ವನವರಾ?”

“ಅಲ್ರಿ ಅಣ್ಣಾರ, ಗಂಗವ್ವಕ್ಕ ಮಗಳ ಬಾಣಂತನಕ್ಕ ದುಂಡಸಿಗೆ ಹೋಗಿ ನಾಕು ದಿನಾತು. ಯಾರರ ಫೋನ್ ಮಾಡಿದ್ರ ನೀನ ಹೇಳವ್ವಾ ಅಂತ ಕಿಟಕ್ಯಾಗಿಂದ ಫೋನು ನಮ್ಮ ಮನಿಗೆ ಸರಿಸಿ ಹೋಗ್ಯಾಳ. ನಮ್ಮ ಮನಿಯವರಿಗೆ ಗೊತ್ತಿಲ್ರಿ, ಮ್ಯಾಲೆ ಕಸೂತಿ ಅರಿವಿ ಹೊದಿಸೇನಿ. ಗೊತ್ತಾದ್ರ ರೂಲ್ಸ್ ಹೇಳತಾರ.”

ಆ ಕಸೂತಿ ಬಟ್ಟೆಯನ್ನು ನಾನು ನಾಲ್ಕು ದಿನದಿಂದ ನೋಡುತ್ತಿದ್ದೆ. ಒಳಗೆ ಏನಿದೆ ಎಂದು ಎತ್ತಿ ನೋಡಬೇಕೆನ್ನಿಸಿರಲಿಲ್ಲ. ಮನೆಯಲ್ಲೂ ನನ್ನ ತಪಾಸಣೆ ಅದೇ ಮಟ್ಟದ್ದು.

“ಅಮ್ಮಾ, ದಿನಾ ಬೆಳಿಗ್ಗೆ ಎಕ್ಸ್‌ಚೇಂಜಿನಿಂದ ಟೆಸ್ಟ್ ಮಾಡುತ್ತಾರಾ?” ಎಂದರು ಇನ್‌ಸ್ಪೆಕ್ಟರು, ಬಹಳ ಮೃದುವಾಗಿ.

ಹೆಂಡತಿ ನಕ್ಕಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳ ನಗು ನನಗೆ ಅಷ್ಟು ಭಯಂಕರವಾಗಿ ಎಂದೂ ಕೇಳಿಸಿರಲಿಲ್ಲ. “ಎಲ್ಲಿ ಟೆಸ್ಟ್‌ರೀ? ಎಲ್ಲಾ ಹಿಂದಿನ ದಿನಾನ ಬರದ ಮುಗಿಸಿರ್ತಾರ. ನಿನ್ನೆ ಚಾ ಕುಡಕೋತ ಬರಿಯೂದ ನಾನ ನೋಡೇನಲ್ರಿ. ಕೈ ನೋಯ್ತದ ಅಂದ್ರು, ಒಂದೆರಡು ಸಾಲು ನಾನ ಬರದೆ. ಹೌದು, ನೀವ್ಯಾರು ಹೇಳಲಿಲ್ಲಲ್ರಿ?”

“ನಾನಾ? ನಿಮ್ಮ ಮನೆಯವರ ಪಕ್ಕದಲ್ಲೇ ಕೂತಿದ್ದೇನಮ್ಮ” ಎಂದರು ಅವರು. ಆ ಕಡೆ ರಿಸೀವರು ದಡ್ಡೆಂದು ಬಿದ್ದ ಸದ್ದಾಯಿತು.

ನಾನು ಬೀದರದ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರ ಭುಜ ಕುಲುಕತೊಡಗಿತು. ಆ ತಣ್ಣನೆಯ ಮನುಷ್ಯ ಕಣ್ಣೀರು ಬರುವಷ್ಟು ನಗುತ್ತಿದ್ದರು. “ನಿಮ್ಮನ್ನು ಬೀದರಿಗೆ ಕಳಿಸಿ ಪ್ರಯೋಜನವಿಲ್ಲ ಕಣ್ರೀ. ಆ ತಾಯಿಯ ಕಣ್ಣೆದುರು ಇಲ್ಲೇ ಇರಿ, ಅದೇ ಶಿಕ್ಷೆ” ಎಂದು ರಿಜಿಸ್ಟರು ಎಳೆದುಕೊಂಡು ಷರಾ ಬರೆದರು: ‘ಇಪ್ಪತ್ಮೂರನೇ ಲೈನು ಸರಿಯಿದೆ. ಆಪರೇಟರು ಕೆಟ್ಟಿದ್ದಾನೆ.’

ಓದಿ ಕೆಳಗೆ ಸಹಿ ಮಾಡಿ ಎಂದರು. ಎರಡು ಸಲ ಓದಿದೆ. ಆ ಮೊದಲ ವಾರ ಬಿಟ್ಟರೆ, ಆರು ವರ್ಷದಲ್ಲಿ, ಬರೆದದ್ದು ನಿಜವೇ ಎಂದು ಸರಿಯಾಗಿ ವಿಚಾರ ಮಾಡಿ, ಹೌದೆಂದು ಖಾತ್ರಿಯಾದ ಮೇಲೆ ನಾನು ಸಹಿ ಹಾಕಿದ ಸಾಲು ಅದೊಂದೇ.