ಗಂಧಕದಣ್ಣ ಬೇಯಿಸಿದ ಗೊಂಬೆ

ಸೋಂಕುಜ್ವರ ಬಂದ ಮನೆಗೆ ಪುರಸಭೆಯ ಗಾಡಿ ತಳ್ಳಿಕೊಂಡು ಹೋಗಿ, ಕೋಣೆಗೆ ಗಂಧಕದ ಹೊಗೆ ಹಾಕಿ, ಸೋಂಕು ಸಾಯಲೆಂದು ಹಾಸಿಗೆಗಳನ್ನು ಹಬೆಯಲ್ಲಿ ಬೇಯಿಸಲು ಒಯ್ಯುವುದು ಅವನ ಕೆಲಸ. ಬೀದಿಯವರಿಗೆಲ್ಲ ಅವನು ಗಂಧಕದಣ್ಣ. ಬಟ್ಟೆಯ ಗೊಂಬೆ ಸಿಕ್ಕರೆ ಮಾತ್ರ ಅಲ್ಲೇ ಅಂಗಳದಲ್ಲಿ ಸುಡಬೇಕು, ಅದು ನಿಯಮ. ಮಕ್ಕಳು ಎಷ್ಟೇ ಗೋಳಾಡಿದರೂ ಪುಣ್ಯಾತ್ಮ ಒಮ್ಮೆಯೂ ನಿಯಮ ಮೀರಿದವನಲ್ಲ.

ಇವತ್ತು ಗಾಡಿ ನಿಂತದ್ದು ಅವನ ಮನೆಯ ಮುಂದೆಯೇ. ಮಗಳು ಜ್ವರದಾಸ್ಪತ್ರೆಯಿಂದ ಸಂಜೆ ಬರುವವಳಿದ್ದಳು. ನಿನ್ನೆ ಅವಳು ಆಸ್ಪತ್ರೆಯ ಕಿಟಕಿಯಿಂದ ಕೂಗಿ ಕೇಳಿದ್ದು ಒಂದೇ ಮಾತು: "ಅಪ್ಪಾ, ನನ್ನ ಚಿಂದಕ್ಕ ಮನೇಲಿದಾಳೆ ತಾನೇ?" ಚಿಂದಕ್ಕ ಅವಳ ಗೊಂಬೆ; ತೊಟ್ಟಿಲಿನಿಂದಲೂ ಇಬ್ಬರದೂ ಒಂದೇ ದಿಂಬು.

ಅವನು ಚಿಂದಕ್ಕನನ್ನು ಅಂಗಿಯೊಳಗೆ ತುರುಕಿಕೊಂಡು ಹೊರಬಂದ. ಎದುರುಮನೆ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನಣ್ಣ, ಒಳಗೆ ಹೋಗೋವಾಗ ಇಲ್ದಿದ್ದ ಹೊಟ್ಟೆ ಈಗೆಲ್ಲಿಂದ ಬಂತು?"

"ಅಜೀರ್ಣ, ಅಕ್ಕ."

"ಅಜೀರ್ಣಕ್ಕೆ ಜಡೆ ಇರುತ್ತಾ?"

ಅಂಗಿಯ ಸಂದಿಯಿಂದ ಜಡೆ ಇಣುಕುತ್ತಿತ್ತು. "ಶೆಡ್ಡಿಗೇ ಹೋಗಿ ಸುಡ್ತೀನಿ" ಎಂದವನೇ ಗಾಡಿ ತಳ್ಳಿಕೊಂಡು ಕಾಲಿಗೆ ಬುದ್ಧಿ ಹೇಳಿದ.

ಹಬೆಯ ಶೆಡ್ಡಿನಲ್ಲಿ ಮೇಸ್ತ್ರಿಯ ಕಣ್ಣು ತಪ್ಪಿಸಿ ಗೊಂಬೆಯನ್ನು ದಿಂಬಿನ ಚೀಲದೊಳಗೆ ಸೇರಿಸಿ ಬೇಯಿಸಿದ. ಹೊರಬಂದಾಗ ಚಿಂದಕ್ಕನಿಗೆ ಮುಖವೇ ಇರಲಿಲ್ಲ. ಇದ್ದಿಲಿನಿಂದ ಕಣ್ಣು ಬಾಯಿ ಬರೆಯಲು ಹೋದರೆ ಇದ್ದಿಲು ಜಾರಿ, ಥೇಟ್ ಮೇಸ್ತ್ರಿಯೇ ಮೂಡಿಬಂದ.

"ಅಪ್ಪಾ, ಚಿಂದಕ್ಕಂಗೆ ಮೀಸೆ ಬಂದಿದೆ!" ಸಂಜೆ ಮಗಳು ನಕ್ಕು ಗೊಂಬೆಯನ್ನು ಅಪ್ಪಿಕೊಂಡಳು. ಅವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಎದುರುಮನೆ ಅಕ್ಕ, ಸೆರಗು ಹಿಡಿದು ಅವಳ ಮಗಳು ಪುಟ್ಟಿ.

"ತಪ್ಪಾಯ್ತಕ್ಕ, ಆಫೀಸಿಗೆ ಹೇಳ್ಬೇಡ. ಚೆನ್ನಾಗಿ ಬೇಯ್ಸಿದೀನಿ, ಏನೂ ಆಗಲ್ಲ."

ಅಕ್ಕ ಗೊಂಬೆಯನ್ನೇ ನೋಡಿದಳು. "ಬೇಯ್ಸಿದ್ರೆ ಸಾಕಿತ್ತಾ? ಹಾಗಾದ್ರೆ ನಮ್ಮ ಪುಟ್ಟಿದನ್ನ ಯಾಕಣ್ಣ ಸುಟ್ಟೆ?"

ಹಾಗೆ ಯೋಚಿಸಿದ್ದೇ ಇಲ್ಲವಲ್ಲ ಎಂದು ಅವನಿಗೆ ತುಂಬಾ ನಾಚಿಕೆಯಾಯಿತು. ಮಗಳು ಪುಟ್ಟಿಯನ್ನು ನೋಡಿದಳು, ಚಿಂದಕ್ಕನನ್ನು ಒಮ್ಮೆ ಮೂಸಿದಳು, ಪುಟ್ಟಿಯ ಕೈಗೆ ಕೊಟ್ಟೇಬಿಟ್ಟಳು.

"ನಂಗೆ ಅಪ್ಪ ಬೇರೆ ಹೊಲ್ಕೊಡ್ತಾರೆ."

ಇಡೀ ದಿನ ಒದ್ದಾಡಿ ಉಳಿಸಿದ ಗೊಂಬೆ ಬೀದಿ ದಾಟಿ ಹೋಯಿತು. ಸುದ್ದಿಯೂ ಅದರ ಜೊತೆಗೇ ಹೋಯಿತು. ಬೆಳಗಾಗುವಷ್ಟರಲ್ಲಿ ಅವನ ಜಗಲಿಯ ಮೇಲೆ, ಆ ವರ್ಷ ಗೊಂಬೆ ಕಳೆದುಕೊಂಡ ಮಕ್ಕಳು ಸಾಲಾಗಿ ಕೂತಿದ್ದರು. ಒಟ್ಟು ಹದಿನೇಳು ಮಂದಿ. ಮಗಳು ಸಾಲಿನ ಕೊನೆಯಲ್ಲಿದ್ದಳು.

ಸೂಜಿಗೆ ದಾರ ಪೋಣಿಸಿಕೊಟ್ಟವಳು ಎದುರುಮನೆ ಅಕ್ಕ. "ನಿಧಾನ ಅಣ್ಣ," ಎಂದಳು, "ಮೀಸೆ ಮಾತ್ರ ಬೇಡ."