ಕಾವಲಿ ತಣ್ಣಗಾಗಿಸಿದ ಕ್ಯಾಮೆರಾ ಸಾಹೇಬರಿಗೆ

ಅಂಧೇರಿಯ ಕಾಲೇಜಿನ ತಾರಸಿಯಲ್ಲಿ ದೂರದರ್ಶಕದ ಬೆನ್ನೇರಿ ವಿರಾಜಮಾನರಾಗಿರುವ ಮಾನ್ಯ ಇನ್‌ಫ್ರಾರೆಡ್ ಕ್ಯಾಮೆರಾ ಅವರೇ,

ಪಕ್ಕದ ಕಟ್ಟಡದ ಉಡುಪಿ ಹೋಟೆಲಿನ ಗಲ್ಲಾದಿಂದ ಸವಿನಯ ನಮಸ್ಕಾರಗಳು.

ಕಣ್ಣಿಗೆ ಕಾಣದ ಶಾಖವನ್ನೂ ಕಾಣಬಲ್ಲ ತಾವು, ಬೆಟ್ಟದ ಮೇಲಿನ ದೊಡ್ಡ ದೂರದರ್ಶಕಕ್ಕೆ ಹೋಗುವ ಮೊದಲು ಪರೀಕ್ಷೆಗೆಂದು ನಮ್ಮ ನೆರೆಗೆ ಬಂದಾಗ ನಾವು ಹೆಮ್ಮೆಪಟ್ಟಿದ್ದೆವು. ಕ್ಯಾಮೆರಾ ಎಂದು ಕೇಳಿ ನಮ್ಮ ಸಪ್ಲೈಯರ್‌ಗಳು ಇಸ್ತ್ರಿ ಅಂಗಿ ತೊಟ್ಟಿದ್ದರು. ತಾವು ಗಮನಿಸಿದ್ದು ಮಾತ್ರ ನಮ್ಮ ಚಿಮಣಿಯನ್ನು. ಅದರ ಬಿಸಿಗಾಳಿಗೆ ನಕ್ಷತ್ರಗಳು ಅಲುಗಾಡುತ್ತಿವೆ, ಆದ್ದರಿಂದ ಸಂಜೆ ದೋಸೆ ಕಾವಲಿಯ ಒಲೆ ನಂದಿಸಬೇಕೆಂದು ತಮ್ಮ ತಂಡದ ಮುಖ್ಯಸ್ಥರಾದ ಸೋಮನಾಥ ಅವರು ಬಂದು ಕೋರಿದರು. ನಮ್ಮ ಜಾಗವೂ ಕಾಲೇಜಿನದೇ ಆದ್ದರಿಂದ ಸಂತೋಷದಿಂದ ಒಪ್ಪಿದೆವು.

ಬೆಳಿಗ್ಗೆ ಹದಕ್ಕೆ ಬಂದ ಕಾವಲಿಯನ್ನು ಬಾಗಿಲು ಮುಚ್ಚುವ ತನಕ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಅದೇ ಹದದಲ್ಲಿ ಕಾಪಾಡುವುದು ನಮ್ಮ ಪದ್ಧತಿ. ನಡುವೆ ತಣ್ಣಗಾದರೆ ದೋಸೆ ಮೇಲೇಳುವುದಿಲ್ಲ. ಈಗ ಸಂಜೆ ಮೊಸರುವಡೆ ಮಾತ್ರ ಎಂದರೆ, ನಮ್ಮ ಗಿರಾಕಿ, ರಿಕ್ಷಾ ಓಡಿಸುವ ಸಾಯಬಣ್ಣನವರು, "ಏನ್ರೀ ಶೆಟ್ರ, ಇದು ಹೋಟೆಲ್ಲೋ ಫ್ರಿಜ್ಜೋ?" ಎಂದು ಎಲ್ಲರೆದುರು ವಿಚಾರಿಸುತ್ತಾರೆ. ದೋಸೆ ಹುಯ್ಯುವ ಸುಕೇಶ್ ಈರುಳ್ಳಿ ಹೆಚ್ಚುತ್ತ, "ಧಣಿ, ಕೈ ಜಡ್ಡಾಗ್ತಾ ಉಂಟು. ಪರೇಲಿನ ಹೋಟೆಲಿನವರು ಸೋಮವಾರ ಬಾ ಅಂತಾರೆ, ಹೋಗ್ಲಾ?" ಎನ್ನುತ್ತಿದ್ದಾರೆ. ಅವರು ಹೋದರೆ ನಮ್ಮ ಹೋಟೆಲಿನ ದೋಸೆಯೂ ಹೋದಂತೆ.

ಆದರೆ ಕಾವಲಿ ತಣ್ಣಗಾದ ಮೇಲೂ ನಕ್ಷತ್ರಗಳು ಅಲುಗಾಡುತ್ತಲೇ ಇದ್ದವು. ತಮ್ಮನ್ನು ತಣ್ಣಗಿಡುವ ಕಂಪ್ರೆಸರ್ ದೂರದರ್ಶಕದ ಮುಂದೆಯೇ ಬಿಸಿಗಾಳಿ ಊದುತ್ತಿತ್ತೆಂದು ತಮ್ಮವರೇ ಮೊನ್ನೆ ಪತ್ತೆಹಚ್ಚಿ, ಅದನ್ನು ಆಚೆ ಸರಿಸಿದರು. ಆಕಾಶದ ಶಾಖವನ್ನೆಲ್ಲ ಕಂಡೂ ಸ್ವಂತ ಶಾಖವನ್ನು ಲೆಕ್ಕಿಸದ ತಮ್ಮ ನಿಸ್ವಾರ್ಥ ಬುದ್ಧಿಗೆ ವಂದನೆಗಳು. ಈಗ ನಕ್ಷತ್ರಗಳು ನಿಂತಿವೆಯಂತೆ. ಹಾಗಾದರೆ ಒಲೆ ಹಚ್ಚಬಹುದೇ ಎಂದರೆ ಸೋಮನಾಥರು, "ಎಲ್ಲ ಸರಿಯಾಗಿದೆಯಲ್ಲ, ಈಗ ಏನನ್ನೂ ಬದಲಿಸುವುದು ಬೇಡ" ಎಂದರು.

ಆದಕಾರಣ, ನಕ್ಷತ್ರಗಳು ಇನ್ನು ಮುಂದೆ ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಹಾಜರಾಗುವಂತೆ ತಾವು ಏರ್ಪಾಡು ಮಾಡಬೇಕು. ಅದಾಗದಿದ್ದರೆ ತಾವೇ ಕೆಳಗಿಳಿದು ಬಂದು ಸಾಯಬಣ್ಣನವರಿಗೆ ಉತ್ತರಿಸಬೇಕು. ಅದೂ ಆಗದಿದ್ದರೆ, ಸುಕೇಶ್ ಪರೇಲಿನ ಲೋಕಲ್ ರೈಲು ಹತ್ತುವ ಮೊದಲು ಒಲೆ ಹಚ್ಚಲು ಅಪ್ಪಣೆ ಕೊಡಿಸಬೇಕು.

ಸದ್ಯಕ್ಕೆ ತಣ್ಣಗಿರುವ,
ತಮ್ಮ ನೆರೆಯ ವಿಶ್ವಾಸಿ,
ರಮಾನಾಥ ಶೆಟ್ಟಿ

ತಾ.ಕ.: ಅಪ್ಪಣೆಗೆ ಕಾಯದೆ ಸುಕೇಶ್ ಇಂದು ಸಂಜೆ ಒಲೆ ಹಚ್ಚಿಬಿಟ್ಟರು, ಪರೇಲಿನವರಿಗೆ ಬರುವುದಿಲ್ಲ ಎಂದೂ ಹೇಳಿಬಿಟ್ಟರು. ಮೇಲೆ ನಕ್ಷತ್ರಗಳು ಅಲುಗಾಡಿದ್ದರೆ ದಯವಿಟ್ಟು ಸೋಮನಾಥರನ್ನೇ ವಿಚಾರಿಸಬೇಕು. ಮೊದಲ ಮಸಾಲೆದೋಸೆ ತಿಂದವರು ಅವರು. ಎರಡನೆಯದು ಕಡಕ್ ಆಗಲಿ, ಉರಿ ಸ್ವಲ್ಪ ಏರಿಸಿ ಎಂದವರೂ ಅವರೇ.